ಬ್ಯಾರಿಕೇಡಿನ ಹಿಂದಿದ್ದವರು

ಕ್ಲೈಂಟ್ ಕೆಲಸಕ್ಕೆಂದು ಎರಡು ವಾರ ಲಂಡನ್ನಿಗೆ ಹೋಗಿದ್ದಾಗ ಒಂದು ಸಂಜೆ ಬಿಡುವು ಮಾಡಿಕೊಂಡು ‘ಲೆ ಮಿಸೆರಾಬ್ಲ್’ ಸಂಗೀತ ನಾಟಕ ನೋಡಿದೆ. ಶಾಫ್ಟ್ಸ್‌ಬರಿ ಅವೆನ್ಯೂ ಎಂಬ ರಸ್ತೆಯ ಸೋಂಡ್‌ಹೈಮ್ ಥಿಯೇಟರ್, ಮೇಲಿನ ಬಾಲ್ಕನಿಯ ಅಗ್ಗದ ಸೀಟು. ಮಧ್ಯಂತರದಲ್ಲಿ ಜೊತೆಗೆ ಬಂದಿದ್ದ ಸಹೋದ್ಯೋಗಿ ಕೇಳಿದ: “ಎಲ್ಲಾ ಸರಿ, ರಾಜನ ತಲೆ ಯಾವಾಗ ಕಡೀತಾರೆ?”

ಕೇಳಿದ್ದರಲ್ಲಿ ತಪ್ಪೇನಿಲ್ಲ. ಪ್ಯಾರಿಸ್, ಕೆಂಪು ಬಾವುಟ, ಹಸಿದ ಜನ, ಬಂದೂಕು ಹಿಡಿದ ಹುಡುಗರು. ಇಷ್ಟು ಕಂಡರೆ ಹೈಸ್ಕೂಲಿನಲ್ಲಿ ಓದಿದ 1789ರ ಫ್ರೆಂಚ್ ಕ್ರಾಂತಿಯೇ ಯಾರಿಗಾದರೂ ನೆನಪಾಗಬೇಕು. ಆದರೆ ರಂಗದ ಮೇಲಿದ್ದದ್ದು ಆ ಕ್ರಾಂತಿಯಲ್ಲ. ಅದಾಗಿ ನಲವತ್ತಮೂರು ವರ್ಷಗಳ ಮೇಲೆ, 1832ರ ಜೂನ್ 5 ಮತ್ತು 6ರಂದು, ಎರಡೇ ದಿನ ನಡೆದು ನೆಲಕಚ್ಚಿದ ದಂಗೆ. ರಾಜನ ತಲೆ ಹೋಗಲಿಲ್ಲ, ಕಿರೀಟವೂ ಅಲುಗಲಿಲ್ಲ.

ಈ ದಂಗೆಯ ಬೇರು 1830ರ ಜುಲೈನಲ್ಲಿದೆ. ಆಗ ಪ್ಯಾರಿಸಿನ ಜನ ಮೂರು ದಿನ ಬೀದಿಗಿಳಿದು ಹತ್ತನೆಯ ಚಾರ್ಲ್ಸ್ ರಾಜನನ್ನು ಓಡಿಸಿದರು. ಗಣರಾಜ್ಯ ಬಂತು ಅಂದುಕೊಳ್ಳುವಷ್ಟರಲ್ಲಿ ಲೂಯಿ ಫಿಲಿಪ್ ಎಂಬ ಇನ್ನೊಬ್ಬ ರಾಜ ಬಂದು ಕೂತಿದ್ದ. ಪ್ರಾಣ ಕೊಟ್ಟವರಲ್ಲಿ ಹೆಚ್ಚಿನವರು ಕೂಲಿಗಳು, ಕಸುಬುದಾರರು. ಲಾಭವಾದದ್ದು ಬ್ಯಾಂಕಿನವರಿಗೆ, ಆಸ್ತಿವಂತರಿಗೆ. ಆ ಸಿಟ್ಟು ಒಳಗೇ ಹೊಗೆಯಾಡುತ್ತಿತ್ತು.

ಅದರ ಮೇಲೆ 1832ರ ಮಾರ್ಚಿನಲ್ಲಿ ಕಾಲರಾ ಬಂತು. ಆ ಒಂದು ವರ್ಷದಲ್ಲಿ ಪ್ಯಾರಿಸ್ ಒಂದರಲ್ಲೇ 18,000ಕ್ಕೂ ಹೆಚ್ಚು ಜನ ಸತ್ತರು. ಇಕ್ಕಟ್ಟಿನ ಗಲ್ಲಿಗಳ ಬಡವರೇ ಹೆಚ್ಚು ಸತ್ತಿದ್ದರಿಂದ, ಸರ್ಕಾರವೇ ನೀರಿಗೆ ವಿಷ ಹಾಕಿಸಿದೆ ಎಂಬ ವದಂತಿ ಹಬ್ಬಿತು. ಬೀದಿಯಲ್ಲಿ ಅನುಮಾನಕ್ಕೆ ಸಿಕ್ಕ ಅಮಾಯಕರನ್ನು ಗುಂಪು ಹೊಡೆದು ಕೊಂದಿತು. ಊರಿನ ಕಸ ಸಾಗಿಸಲು ಹೊಸ ಗಾಡಿಗಳು ಬಂದಾಗ, ಚಿಂದಿ ಆಯ್ದು ಬದುಕುತ್ತಿದ್ದವರು ತಮ್ಮ ಅನ್ನ ಹೋಯಿತೆಂದು ಗಲಭೆ ಎದ್ದರು. ಕಾಲರಾ ಅಧಿಕಾರದಲ್ಲಿದ್ದವರನ್ನೂ ಬಿಡಲಿಲ್ಲ. ಮೇ 16ರಂದು ಪ್ರಧಾನಿ ಕಾಸಿಮಿರ್ ಪೆರಿಯೆ ತೀರಿಕೊಂಡ. ಜೂನ್ 1ರಂದು ಜನರಲ್ ಲಾಮಾರ್ಕ್ ತೀರಿಕೊಂಡ. ಲಾಮಾರ್ಕ್ ನೆಪೋಲಿಯನ್ ಕಾಲದ ಸೇನಾನಿ, ಸಂಸತ್ತಿನಲ್ಲಿ ಸರ್ಕಾರವನ್ನು ಎದುರಿಸಿ ಮಾತಾಡುತ್ತಿದ್ದವ, ಜನಕ್ಕೆ ಬೇಕಾದವ.

ಜೂನ್ 5ರಂದು ಅವನ ಶವಯಾತ್ರೆ. ದೊಡ್ಡ ಜನಸಾಗರ. ಮೆರವಣಿಗೆ ಆಸ್ಟರ್ಲಿಟ್ಜ್ ಸೇತುವೆಯ ಬಳಿ ಬಂದಾಗ ಯಾರೋ ಕೆಂಪು ಬಾವುಟ ಎತ್ತಿದರು, ಗುಂಡು ಹಾರಿತು. ಸಂಜೆಯೊಳಗೆ ಪೂರ್ವ ಮತ್ತು ಮಧ್ಯ ಪ್ಯಾರಿಸಿನ ಗಲ್ಲಿಗಳಲ್ಲಿ ಬ್ಯಾರಿಕೇಡುಗಳು ಎದ್ದವು. ಆದರೆ ಉಳಿದ ಊರು ಏಳಲಿಲ್ಲ. ಮರುದಿನ ರಾಜ ಕುದುರೆ ಏರಿ ನಗರದಲ್ಲಿ ಸುತ್ತಿ ತನ್ನವರಿಗೆ ಧೈರ್ಯ ತುಂಬಿದ. ಸಾಂ ಮೆರಿ ಚರ್ಚಿನ ಹತ್ತಿರದ ಕಡೆಯ ಬ್ಯಾರಿಕೇಡನ್ನು ಸೈನ್ಯ ಫಿರಂಗಿ ತಂದು ಒಡೆಯಿತು. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು ಸುಮಾರು 800. ಅಲ್ಲಿಗೆ ಮುಗಿಯಿತು.

ಆ ಸಂಜೆ ಮೂವತ್ತು ವರ್ಷದ ವಿಕ್ಟರ್ ಹ್ಯೂಗೊ ಟುಯಿಲರಿ ಉದ್ಯಾನದಲ್ಲಿ ಬರವಣಿಗೆಯಲ್ಲಿದ್ದ. ಗುಂಡಿನ ಸದ್ದು ಕೇಳಿ ಏನೆಂದು ನೋಡಲು ಹೋದವನು ಒಂದು ಗಲ್ಲಿಯಲ್ಲಿ ಎರಡೂ ಕಡೆಯ ಗುಂಡುಗಳ ನಡುವೆ ಸಿಕ್ಕಿಬಿದ್ದು, ಕಂಬಗಳ ಮರೆಯಲ್ಲಿ ನಿಂತು ಜೀವ ಉಳಿಸಿಕೊಂಡ. ಮುಂದೆ 1845ರಲ್ಲಿ ಕಾದಂಬರಿ ಶುರು ಮಾಡಿ, 1848ರ ರಾಜಕೀಯದ ಗದ್ದಲದಲ್ಲಿ ಬದಿಗಿಟ್ಟ. ಆ ವರ್ಷದ ಜೂನ್‌ನಲ್ಲಿ ಕಾರ್ಮಿಕರು ಮತ್ತೆ ಬ್ಯಾರಿಕೇಡ್ ಹಾಕಿದಾಗ ಹ್ಯೂಗೊ ಸಂಸತ್ತಿನ ಸದಸ್ಯ. ಸರ್ಕಾರದ ಪರವಾಗಿ ಬ್ಯಾರಿಕೇಡುಗಳ ಮುಂದೆ ನಿಂತು, ಶರಣಾಗಿ ಎಂದು ಹೇಳುವ ಕೆಲಸ ಅವನ ಪಾಲಿಗೆ ಬಂತು. 1851ರಲ್ಲಿ ಲೂಯಿ ನೆಪೋಲಿಯನ್ ಅಧಿಕಾರ ಕಸಿದುಕೊಂಡಾಗ ವಿರೋಧಿಸಿ ದೇಶ ಬಿಟ್ಟ. ಕಾದಂಬರಿ ಮುಗಿದು 1862ರಲ್ಲಿ ಪ್ರಕಟವಾದಾಗ ಅವನು ಗರ್ನ್‌ಸಿ ದ್ವೀಪದಲ್ಲಿ ಗಡಿಪಾರಿನಲ್ಲಿದ್ದ. ಒಮ್ಮೆ ನಡುವೆ ಸಿಕ್ಕಿಬಿದ್ದವನು, ಇನ್ನೊಮ್ಮೆ ಎದುರುಪಕ್ಷದಲ್ಲಿ ನಿಂತವನು, ಕೊನೆಗೆ ತಾನೇ ಊರು ಕಳೆದುಕೊಂಡವನು. ಸೋತವರ ಬಗ್ಗೆ ಅಷ್ಟು ಪುಟ ಬರೆಯುವ ತಾಳ್ಮೆ ಬಂದದ್ದು ಈ ದಾರಿಯಿಂದಲೇ ಎಂದು ನನಗನಿಸುತ್ತದೆ.

ಆದರೆ ಹ್ಯೂಗೊ ತನ್ನ ಬ್ಯಾರಿಕೇಡಿಗೆ ಆರಿಸಿಕೊಂಡ ನಾಯಕರು ಹೆಚ್ಚಾಗಿ ವಿದ್ಯಾರ್ಥಿಗಳು. ಆ ಗೆಳೆಯರ ಗುಂಪಿನಲ್ಲಿ ದುಡಿಯುವವನು ಫ್ಯೂಯಿ ಒಬ್ಬನೇ. ಬೀಸಣಿಗೆ ಮಾಡುವ ಕಸುಬಿನವ, ಅನಾಥ, ತಾನೇ ಓದು ಕಲಿತವ. ನಾಟಕವೂ ಇದೇ ಜಾಡಿನಲ್ಲಿ ಹೋಗುತ್ತದೆ. ಇತಿಹಾಸಕಾರರು ಆಗ ಬಂಧನಕ್ಕೊಳಗಾದವರ ದಾಖಲೆ ತೆಗೆದು ನೋಡಿದರೆ ಲೆಕ್ಕ ತಿರುಗಾಮುರುಗಾ. ವಿದ್ಯಾರ್ಥಿಗಳು ಇದ್ದರು, ಆದರೆ ಕೆಲವರು. ಬಹುಪಾಲು ಗಾರೆಯವರು, ಬಡಗಿಗಳು, ಬೀಗ ಮಾಡುವವರು, ದರ್ಜಿಗಳು, ಚಪ್ಪಲಿ ಹೊಲಿಯುವವರು. ಸಾಂ ಮೆರಿಯಲ್ಲಿ ಮುಂದಾಳಾಗಿದ್ದ ಶಾರ್ಲ್ ಜಾನ್ ಕೂಡ ದೊಡ್ಡ ಮನೆತನದವನಲ್ಲ. 1830ರಲ್ಲೂ ಹೋರಾಡಿದ್ದ ಅವನಿಗೆ ಸಿಕ್ಕಿದ್ದು ಗಡಿಪಾರಿನ ಶಿಕ್ಷೆ.

ಇವರಲ್ಲಿ ಅನೇಕರು ಪ್ಯಾರಿಸಿನವರೂ ಅಲ್ಲ. ಆ ಕಾಲದಲ್ಲಿ ನಗರ ಬೆಳೆದದ್ದೇ ಹಳ್ಳಿಗಾಡಿನಿಂದ ಬಂದವರಿಂದ. ಕ್ರ್ಯೂಸ್ ಎಂಬ ಬಡ ಸೀಮೆಯ ಗಾರೆಯವರು ಪ್ರತಿವರ್ಷ ಕೆಲಸದ ಕಾಲಕ್ಕೆ ನಡೆದೇ ಪ್ಯಾರಿಸಿಗೆ ಬರುತ್ತಿದ್ದರು. ಮಾರ್ಟಿನ್ ನಾದೋ ಎಂಬವನು 1830ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅಪ್ಪನ ಜೊತೆ ಹಾಗೆ ನಡೆದು ಬಂದ. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ಬಾಡಿಗೆ ವಸತಿಯಲ್ಲಿದ್ದು ದುಡಿದ. ಮುಂದೆ ಸಂಸತ್ತಿಗೂ ಆಯ್ಕೆಯಾಗಿ ತನ್ನ ನೆನಪುಗಳನ್ನು ಬರೆದ. ಪುಣೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡದಲ್ಲಿ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಸೆಂಟ್ರಿಂಗ್ ಕಟ್ಟುವವರು ಯಾದಗಿರಿ, ಕಲಬುರಗಿ ಕಡೆಯವರು. ಸಂಜೆ ಅವರ ಕನ್ನಡ ಕಿವಿಗೆ ಬಿದ್ದಾಗ ನನಗೆ ನಾದೋ ನೆನಪಾಗುತ್ತಾನೆ. ಹೊರನಾಡ ಕನ್ನಡಿಗರು ಅಂದಾಗ ನಾವು ಐಟಿಯವರು, ಬ್ಯಾಂಕಿನವರು, ವಿದ್ಯಾರ್ಥಿಗಳು ನಮ್ಮನ್ನೇ ಎಣಿಸಿಕೊಳ್ಳುತ್ತೇವೆ. ಹ್ಯೂಗೊನ ಬ್ಯಾರಿಕೇಡಿನ ಲೆಕ್ಕವೂ ಹೀಗೇ ಆಗಿದೆ.

ಇಷ್ಟಾದರೂ ನಾಟಕವನ್ನು ದೂರಲು ನನಗೆ ಮನಸ್ಸಿಲ್ಲ. ಬೂಬ್ಲಿಲ್ ಮತ್ತು ಶೋನ್‌ಬರ್ಗ್ ಮಾಡಿದ ಮೂಲ ಫ್ರೆಂಚ್ ರೂಪ 1980ರಲ್ಲಿ ಪ್ಯಾರಿಸಿನಲ್ಲಿ ಕೆಲವು ತಿಂಗಳು ನಡೆದು ನಿಂತುಹೋಗಿತ್ತು. ಅದರ ಧ್ವನಿಮುದ್ರಿಕೆ ಕೇಳಿದ ನಿರ್ಮಾಪಕ ಕ್ಯಾಮೆರಾನ್ ಮ್ಯಾಕಿಂಟಾಷ್, ರಾಯಲ್ ಶೇಕ್ಸ್‌ಪಿಯರ್ ಕಂಪನಿ ಜೊತೆ ಸೇರಿ 1985ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಇಂಗ್ಲಿಷ್ ರೂಪ ತೆರೆದ. ವಿಮರ್ಶಕರಲ್ಲಿ ಅನೇಕರು ಹಳಿದರು. ಜನ ಮಾತ್ರ ಟಿಕೆಟ್‌ಗೆ ಸಾಲು ಹಚ್ಚಿದರು, ಇವತ್ತಿಗೂ ಹಚ್ಚುತ್ತಿದ್ದಾರೆ. ಮೊದಲಿದ್ದ ತಿರುಗುವ ರಂಗ ಈಗಿಲ್ಲ. ಬದಲಿಗೆ ಹ್ಯೂಗೊನ ಚಿತ್ರಗಳಿಂದ ಪ್ರೇರಿತವಾದ ಕಪ್ಪು-ಕಂದು ದೃಶ್ಯಗಳು ಹಿಂದಿನ ಪರದೆಯಲ್ಲಿ ಮೂಡುತ್ತವೆ. ಬ್ಯಾರಿಕೇಡ್ ಬಿದ್ದ ಮೇಲೆ ಸಭಾಂಗಣದಲ್ಲಿ ಯಾರೂ ಕೆಮ್ಮಲೂ ಇಲ್ಲ. ಎರಡು ದಿನದ ಸೋಲೊಂದನ್ನು ಇಷ್ಟು ಜನ ಮೌನವಾಗಿ ಕೂತು ನೋಡುತ್ತಾರೆ ಎಂಬುದು ಸಣ್ಣ ಮಾತಲ್ಲ. ಯಾವ ಪಠ್ಯಪುಸ್ತಕವೂ ಈ ಕೆಲಸ ಮಾಡಿಲ್ಲ. ಆ ವಿದ್ಯಾರ್ಥಿಗಳು ಹಾಡದೇ ಇದ್ದಿದ್ದರೆ, ಗಾರೆಯವರ ಹೆಸರು ಹುಡುಕಲು ನಾನೂ ಹೊರಡುತ್ತಿರಲಿಲ್ಲ.

ಕಾದಂಬರಿಯಲ್ಲಿ ಬ್ಯಾರಿಕೇಡ್ ಇರುವ ಬೀದಿ ಹ್ಯೂಗೊ ಬರೆದು ಮುಗಿಸುವ ಹೊತ್ತಿಗಾಗಲೇ ರಸ್ತೆ ಅಗಲೀಕರಣದಲ್ಲಿ ಅಳಿಸಿಹೋಗಿತ್ತು. ಅದು ಎಲ್ಲಿತ್ತೆಂದು ಅವನೇ ಓದುಗರಿಗೆ ಬಿಡಿಸಿ ಹೇಳಬೇಕಾಯಿತು. ಸಾಂ ಮೆರಿ ಚರ್ಚು ಮಾತ್ರ ಈಗಲೂ ಇದೆ, ಪಾಂಪಿಡೂ ಕಲಾಕೇಂದ್ರದಿಂದ ಕೆಲವೇ ನಿಮಿಷದ ನಡಿಗೆ. ನಿಮ್ಮ ಮುಂದಿನ ಪ್ರವಾಸದಲ್ಲಿ ಲಂಡನ್ನಿಗೆ ಹೋದರೆ ನಾಟಕ ಖಂಡಿತ ನೋಡಿ. ಪ್ಯಾರಿಸಿಗೂ ಹೋಗುವುದಾದರೆ ಆ ಚರ್ಚಿನ ಸುತ್ತಲಿನ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅಲ್ಲಿ ಬಿದ್ದವರು ಕಟ್ಟಿದ ಗೋಡೆಗಳೂ ಆ ಊರಿನಲ್ಲಿವೆ. ಯಾವ ಗೋಡೆ ಯಾರದ್ದೆಂದು ಯಾರೂ ಬರೆದಿಟ್ಟಿಲ್ಲ.