ನಡುಗುವ ಮೈ, ನೀವುವ ಕೈ

1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ಕುರಿತು ಬರೆದರು. ಮೂವರ ಬಳಿಯೂ ಷೆಲ್ ಸಿಡಿದಿತ್ತು. ನೋಟ, ನೆನಪು, ವಾಸನೆ, ರುಚಿ ಎಲ್ಲವೂ ಕುಂದಿದ್ದವು. ‘ಷೆಲ್ ಶಾಕ್’ ಎಂಬ ಮಾತು ವೈದ್ಯಲೋಕದಲ್ಲಿ ನೆಲೆಯೂರಿದ್ದು ಆ ಲೇಖನದಿಂದ. ಯುದ್ಧ ಮುಗಿಯುವಷ್ಟರಲ್ಲಿ ಬ್ರಿಟಿಷ್ ಸೇನೆಯಲ್ಲಿ ಇಂಥ ರೋಗಿಗಳು ಸುಮಾರು 80,000 ಮಂದಿ.

ಇವರನ್ನು ಏನು ಮಾಡಬೇಕು? ಸೇನೆಯ ಬಳಿ ಉತ್ತರವಿರಲಿಲ್ಲ. ಮಾತು ನಿಂತುಹೋದವರ ಗಂಟಲಿಗೆ ಲಂಡನ್ನಿನ ಲೂಯಿಸ್ ಯೆಲ್ಲಂಡ್ ವಿದ್ಯುತ್ ಹರಿಸಿದರು. ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಅಧಿಕಾರಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ಈ ಎರಡು ಹೆಸರುಗಳು ಚರಿತ್ರೆಯಲ್ಲಿ ಉಳಿದವು. ಇವುಗಳ ನಡುವೆ ಸದ್ದಿಲ್ಲದೆ ನಡೆದ ಇನ್ನೊಂದು ಉಪಚಾರವಿತ್ತು: ವಿಶ್ರಾಂತಿ, ಬಿಸಿನೀರಿನ ಸ್ನಾನ, ಅಂಗಮರ್ದನ.

ಅದರ ಬೇರು ಅಮೆರಿಕದ ವೈರ್ ಮಿಚೆಲ್ ಅವರ ‘ವಿಶ್ರಾಂತಿ ಚಿಕಿತ್ಸೆ’ಯಲ್ಲಿದೆ. ವಾರಗಟ್ಟಲೆ ಹಾಸಿಗೆ ಹಿಡಿಸಿದ ರೋಗಿಯ ಸ್ನಾಯುಗಳು ಸೊರಗದಿರಲೆಂದು ಅವರು ಮೈ ನೀವಿಸುತ್ತಿದ್ದರು. ಹೆಚ್ಚಾಗಿ ‘ನರದೌರ್ಬಲ್ಯ’ದ ಹೆಂಗಸರಿಗೆಂದು ಬಳಕೆಯಲ್ಲಿದ್ದ ಪದ್ಧತಿ ಈಗ ಸೈನಿಕರ ಪಾಲಿಗೆ ಬಂತು.

ನೀವುವ ಕೈಗಳದ್ದೂ ಒಂದು ಕತೆ. 1894ರಲ್ಲಿ ಲಂಡನ್ನಿನ ಮಾಲೀಸು ಮನೆಗಳ ಬಗ್ಗೆ ಅಪವಾದ ಹಬ್ಬಿತ್ತು. ಕಸುಬಿನ ಮಾನ ಉಳಿಸಲು ಅದೇ ವರ್ಷ ನಾಲ್ವರು ಮಹಿಳೆಯರು ತರಬೇತಾದವರ ಸಂಘ ಕಟ್ಟಿದರು. ವೈದ್ಯರ ಸೂಚನೆಯಿಲ್ಲದೆ ಯಾರ ಮೈಯನ್ನೂ ಮುಟ್ಟುವಂತಿಲ್ಲ ಎಂಬ ಕಟ್ಟುಪಾಡು. ಗಂಡಸರ ವಿಷಯದಲ್ಲಂತೂ ಮತ್ತಷ್ಟು ಬಿಗಿ. ಇಪ್ಪತ್ತೇ ವರ್ಷಗಳಲ್ಲಿ ಯುದ್ಧ ಆ ಬಿಗಿಯನ್ನು ಸಡಿಲಿಸಿತು. 1914ರಲ್ಲಿ ಆಲ್ಮೆರಿಕ್ ಪ್ಯಾಜೆಟ್ ದಂಪತಿ 50 ಮಂದಿ ತರಬೇತಾದ ಮಹಿಳೆಯರನ್ನು ಸೇನೆಗೆ ಒದಗಿಸಿದರು. ಕದನವಿರಾಮದ ಹೊತ್ತಿಗೆ ಆ ಪಡೆಯಲ್ಲಿ ಸುಮಾರು 2,000 ಮಂದಿ ದುಡಿಯುತ್ತಿದ್ದರು. ಅವರ ಕೆಲಸದ ಬಹುಪಾಲು ಮುರಿದ ಮೂಳೆ, ಬಿಗಿದ ಕೀಲುಗಳದ್ದು. ನಡುಗುವ ಮೈಗಳೂ ಅವರ ಕೈಗೆ ಬಂದವು.

ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆ ಇದೇ ಕಸುಬು ಕಲಿಸಿತು. ಗಾಯಗೊಂಡವನೇ ಗಾಯಗೊಂಡವನ ಮೈ ನೀವಿದ.

1917ರಲ್ಲಿ ಸೇನೆ ‘ಷೆಲ್ ಶಾಕ್’ ಎಂಬ ಪದದ ಬಳಕೆಗೆ ತಡೆ ಹಾಕಿತು. ಪದ ಹೋಯಿತು, ನಡುಕ ಹೋಗಲಿಲ್ಲ. ವಿಯೆಟ್ನಾಂ ಯುದ್ಧದ ಬಳಿಕ, 1980ರಲ್ಲಿ, ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅಧಿಕೃತ ಹೆಸರು ಸಿಕ್ಕಿತು.

ಮಾಲೀಸು ಈ ಕಾಯಿಲೆಗೆ ಮದ್ದಲ್ಲ. ಆಘಾತವನ್ನೇ ಕುರಿತ ಮಾತಿನ ಚಿಕಿತ್ಸೆಯ ಜಾಗವನ್ನು ಅದು ತುಂಬಲಾರದು. ಹಿಂಸೆ ಉಂಡ ಮೈಗೆ ಸ್ಪರ್ಶವೇ ಭಯವಾಗಬಹುದು. ಹಾಗಾಗಿ ಮೊದಲು ಕೇಳಬೇಕು, ಬೇಡವೆಂದರೆ ಕೈ ತೆಗೆಯಬೇಕು. ಸದಾ ಎಚ್ಚರದಲ್ಲಿರುವ ಮೈ ಅರ್ಧ ಗಂಟೆ ಸಡಿಲಗೊಂಡರೆ, ಅದು ಚಿಕಿತ್ಸೆಗೆ ಒಂದು ಊರೆಗೋಲು. ಯೆಲ್ಲಂಡರ ಕೋಣೆಯಲ್ಲಿ ಸೈನಿಕನಿಗೆ ಇಲ್ಲದಿದ್ದದ್ದು ಇದೇ: ‘ಸಾಕು’ ಎನ್ನುವ ಹಕ್ಕು.