ಹಾಸಿಗೆಯಡಿಯ ಕಾಗದಗಳು

ನನಗೆ ಹತ್ತು ವರ್ಷವಿದ್ದಾಗ ಹದಿನೈದು ಪೈಸೆಯ ಕಾರ್ಡೊಂದನ್ನು ಕೊಂಡು, ಮಕ್ಕಳ ಪದ್ಯಗಳಿಂದ ನಮ್ಮ ಸೀಮೆಯಲ್ಲಿ ಹೆಸರಾಗಿದ್ದ ಹಿರಿಯರೊಬ್ಬರಿಗೆ ಕಾಗದ ಬರೆದೆ. ನಿಮ್ಮ ಪದ್ಯಗಳೆಲ್ಲ ನನಗೆ ಬಾಯಿಪಾಠ, ನಾನೂ ನಿಮ್ಮಂತೆಯೇ ಕವಿಯಾಗುತ್ತೇನೆ ಎಂದು ಏನೇನೋ ಗೀಚಿದ್ದೆ. ಎಂಟು ದಿನದಲ್ಲಿ ಉತ್ತರ ಬಂದಿತು. ಅಂಚೆಯಣ್ಣ ನನ್ನ ಹೆಸರನ್ನು ಕೂಗಿ ಕೊಟ್ಟದ್ದು ಅದೇ ಮೊದಲು. ಆ ಕಾರ್ಡಿನಲ್ಲಿ ಇದ್ದುದು ಮೂರೇ ಸಾಲು: ನನ್ನ ಕಾಗದದಲ್ಲಿ ಎರಡು ಒತ್ತಕ್ಷರ ತಪ್ಪಿದೆ, ಒಂದು ಕಡೆ ಅಲ್ಪಪ್ರಾಣಕ್ಕೆ ಮಹಾಪ್ರಾಣ ಹಾಕಿದ್ದೇನೆ, ಮೊದಲು ಕಾಗುಣಿತ ಕಲಿಯಬೇಕು. ನನಗೆ ಬಂದ ಸಿಟ್ಟಿಗೆ ಆ ಕಾರ್ಡು ಬಚ್ಚಲೊಲೆಗೆ ಹೋಯಿತು. ಮತ್ತೆ ನಾನು ಅವರಿಗೆ ಬರೆಯಲಿಲ್ಲ. ಮುಂದೆ ಕನ್ನಡ ಎಂ.ಎ. ಮಾಡಿ, ಈಗ ಇಪ್ಪತ್ತು ವರ್ಷದಿಂದ ಹುಡುಗರ ಒತ್ತಕ್ಷರಗಳನ್ನು ನಾನೇ ತಿದ್ದುತ್ತಿದ್ದೇನೆ ಎನ್ನುವುದು ಬೇರೆ ಮಾತು.

ಈ ಹಳೆಯ ಕಥೆ ನೆನಪಾದದ್ದು ಈಚೆಗೆ ಸ್ವೀಡನ್ ದೇಶದ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಜೀವನಚರಿತ್ರೆಯನ್ನು ಓದುತ್ತಿದ್ದಾಗ. ಒಂಟಿಯಾಗಿ ಮನೆ ಹೂಡಿ, ಕುದುರೆಯನ್ನು ಎರಡು ಕೈಯಲ್ಲಿ ಎತ್ತಿ ಜಗಲಿಯಿಂದ ಇಳಿಸುವ ಪಿಪ್ಪಿ ಎಂಬ ಹುಡುಗಿಯನ್ನು ಲೋಕಕ್ಕೆ ಕೊಟ್ಟವರು ಅವರು. ಆಕೆಯ ಕಥೆಗಳ ವಿಚಾರ ಬಲ್ಲವರು ಬಹಳ ಮಂದಿ. ನನ್ನನ್ನು ಹಿಡಿದು ಕೂರಿಸಿದ್ದು ಕಥೆಗಳಲ್ಲ, ಕಾಗದಗಳು. ಸ್ಟಾಕ್‌ಹೋಮ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಆಕೆಯ ಕಡತಗಳು ಕಪಾಟಿನ ಅಳತೆಯಲ್ಲಿ ಸುಮಾರು 140 ಮೀಟರು ಉದ್ದ ನಿಂತಿವೆ. ಅವುಗಳೊಳಗೆ ಓದುಗರು ಬರೆದ ಕಾಗದಗಳೇ ಸುಮಾರು 75,000. ಯುನೆಸ್ಕೋ ಸಂಸ್ಥೆ 2005ರಲ್ಲಿ ಈ ಭಂಡಾರವನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. ಅರಸರ ಶಾಸನಗಳೂ ಪ್ರಾಚೀನ ಧರ್ಮಗ್ರಂಥಗಳೂ ಇರುವ ಪಟ್ಟಿಯಲ್ಲಿ, ಗೆರೆ ಹಾಕಿದ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಮಕ್ಕಳು ಬರೆದ ಕಾಗದಗಳೂ ಬಂದು ಕುಳಿತವು.

ಆಕೆ ಹುಟ್ಟಿದ್ದು 1907ರ ನವೆಂಬರ್ 14ರಂದು, ವಿಮ್ಮರ್‌ಬಿ ಎಂಬ ಸಣ್ಣ ಪೇಟೆಯ ಪಕ್ಕದ ಹೊಲಮನೆಯಲ್ಲಿ. ತಂದೆ ಗೇಣಿ ರೈತರು. (ನವೆಂಬರ್ 14 ನಮಗೂ ಮಕ್ಕಳ ದಿನವೇ. ಕಾಕತಾಳೀಯವೆಂದರೆ ಇದು.) ಹರೆಯದಲ್ಲಿ ಊರಿನ ಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದ ಹುಡುಗಿ, ವಿವಾಹಿತನಾಗಿದ್ದ ಸಂಪಾದಕನಿಂದ ಗರ್ಭಿಣಿಯಾದಳು. 1926ರಲ್ಲಿ ಒಂದು ಸಣ್ಣ ಪೇಟೆಯಲ್ಲಿ ಇದರ ಅರ್ಥವೇನೆಂದು ನಾನು ವಿವರಿಸಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ಇದರ ಅರ್ಥ ಎಲ್ಲರಿಗೂ ಗೊತ್ತು. ಆಕೆ ಸ್ಟಾಕ್‌ಹೋಮಿಗೆ ಹೊರಟುಹೋಗಿ ಬೆರಳಚ್ಚು, ಶೀಘ್ರಲಿಪಿ ಕಲಿತಳು. ಹೆರಿಗೆಗೆ ಹೋದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ. ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ತಂದೆಯ ಹೆಸರು ಹೇಳದೆಯೂ ಹೆರಬಹುದಾಗಿತ್ತು. ಡಿಸೆಂಬರ್ 4ರಂದು ಗಂಡುಮಗು ಹುಟ್ಟಿತು. ಲಾರ್ಸ್ ಎಂದು ಹೆಸರಿಟ್ಟು, ಆ ಊರಿನಲ್ಲೇ ಒಬ್ಬ ಸಾಕುತಾಯಿಯ ಕೈಗೆ ಒಪ್ಪಿಸಿ, ಹತ್ತೊಂಬತ್ತು ವರ್ಷದ ತಾಯಿ ಒಬ್ಬಳೇ ಹಿಂದಿರುಗಿದಳು.

ಮುಂದಿನ ಮೂರು ವರ್ಷ ಮಗನ ಸುದ್ದಿ ಆಕೆಗೆ ತಿಳಿಯುತ್ತಿದ್ದುದು ಮುಖ್ಯವಾಗಿ ಕಾಗದಗಳಿಂದ. ರೈಲಿನ ದುಡ್ಡು ಕೂಡಿದಾಗ ಹೋಗಿ ನೋಡಿ ಬರುವುದು, ಉಳಿದಂತೆ ಸಾಕುತಾಯಿ ಬರೆದದ್ದನ್ನು ಓದುವುದು. ಆಕೆ ಮಹಾ ಸಜ್ಜನೆ. ಮಗು ಏನು ಆಡಿತು, ಹೇಗೆ ನಕ್ಕಿತು ಎಂಬುದನ್ನು ತಪ್ಪದೆ ಬರೆದು ತಿಳಿಸುತ್ತಿದ್ದರು. ಆಕೆಗೆ ಕಾಯಿಲೆಯಾದಾಗ, 1930ರಲ್ಲಿ ಮಗು ಸ್ವೀಡನ್ನಿಗೆ ಬಂದಿತು, ಅಜ್ಜ ಅಜ್ಜಿಯರ ಹೊಲಮನೆ ಸೇರಿತು. 1931ರಲ್ಲಿ ಸ್ಟೂರೆ ಲಿಂಡ್‌ಗ್ರೆನ್ ಎಂಬುವರನ್ನು ಮದುವೆಯಾದ ಮೇಲೆ ತಾಯಿಗೆ ಮಗನನ್ನು ತನ್ನ ಮನೆಯಲ್ಲಿರಿಸಿಕೊಳ್ಳುವ ಭಾಗ್ಯ ಒದಗಿತು. ಮಗುವಿನ ಮಾತಿಗೆ ದೊಡ್ಡವರು ಬರೆದು ಉತ್ತರ ಕೊಡುವುದು ಎಂದರೆ ಏನೆಂಬುದನ್ನು ಆಕೆ ಲೇಖಕಿಯಾಗುವ ಮುಂಚೆಯೇ, ಇನ್ನೊಂದು ತುದಿಯಲ್ಲಿ ಕಾದು ಕುಳಿತು ಕಲಿತರು ಎಂದು ನನಗೆ ತೋರುತ್ತದೆ.

ಕಾಗದಗಳ ಎರಡನೆಯ ಪಾಠ ಇನ್ನೂ ವಿಚಿತ್ರವಾದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವೀಡನ್ ತಟಸ್ಥವಾಗಿದ್ದಿತು. ಆದರೂ ಹೊರದೇಶಗಳಿಗೆ ಹೋಗುವ, ಅಲ್ಲಿಂದ ಬರುವ ಟಪಾಲನ್ನು ಸರಕಾರ ಗುಟ್ಟಾಗಿ ಒಡೆಸಿ ಓದಿಸುತ್ತಿತ್ತು. 1940ರಿಂದ ಯುದ್ಧ ಮುಗಿಯುವವರೆಗೆ ಆ ಕೆಲಸದಲ್ಲಿದ್ದವರಲ್ಲಿ ಲಿಂಡ್‌ಗ್ರೆನ್ ಒಬ್ಬರು. ಈ ಉದ್ಯೋಗದ ವಿಚಾರ ಹೊರಗೆ ಬಾಯಿಬಿಡುವಂತಿರಲಿಲ್ಲ. ತಂದೆಗೆ ಮಗ, ಹೆಂಡತಿಗೆ ಗಂಡ, ನಾಡು ಬಿಟ್ಟು ಓಡಿಬಂದ ಯೆಹೂದ್ಯರು ಅಲ್ಲೇ ಸಿಕ್ಕಿಬಿದ್ದ ಬಂಧುಗಳಿಗೆ ಬರೆದ ಕಾಗದಗಳು ರಾತ್ರಿ ಪಾಳಿಯಲ್ಲಿ ಆಕೆಯ ಕೈಮೇಲೆ ಹಾದುಹೋದವು. ಕೆಲವನ್ನು ಆಕೆ ತಮ್ಮ ದಿನಚರಿಯಲ್ಲಿ ನಕಲು ಮಾಡಿಕೊಂಡರು. ಅದು ನಿಯಮಕ್ಕೆ ವಿರುದ್ಧವೆನ್ನಬೇಕು, ಆದರೆ ಚರಿತ್ರೆಕಾರರು ಆ ತಪ್ಪಿಗೆ ಕೃತಜ್ಞರಾಗಿರಬೇಕು. ಆ ದಿನಚರಿಗಳು 2015ರಲ್ಲಿ ಪುಸ್ತಕವಾಗಿ ಹೊರಬಂದವು.

ಪಿಪ್ಪಿ ಹುಟ್ಟಿದ್ದೂ ಇದೇ ದಿನಗಳಲ್ಲಿ. 1941ರಲ್ಲಿ ಕಾಯಿಲೆ ಮಲಗಿದ್ದ ಮಗಳು ಕಾರಿನ್ ತನಗೆ ತೋಚಿದ ಒಂದು ಹೆಸರನ್ನು ಹೇಳಿ, ಅವಳ ಕಥೆ ಹೇಳಮ್ಮ ಎಂದು ಹಟ ಹಿಡಿದಳು. 1944ರ ಮಾರ್ಚಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಕಾಲುಳುಕಿ ಮಲಗಿದ ತಾಯಿ ಆ ಕಥೆಗಳನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟರು. ಮೇ ತಿಂಗಳಲ್ಲಿ ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಅದೇ ಉಡುಗೊರೆ. ಒಂದು ಪ್ರತಿಯನ್ನು ಪ್ರಕಾಶಕರಿಗೆ ಕಳಿಸುವಾಗ, ಇದನ್ನು ಓದಿ ನೀವು ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ದೂರು ಕೊಡಲಾರಿರೆಂದು ನಂಬಿದ್ದೇನೆ ಎಂಬ ಅರ್ಥದ ಒಂದು ಸಾಲನ್ನೂ ಸೇರಿಸಿದ್ದರು. ಹಾಸ್ಯದ ಮಾತು. ಆದರೆ ಮಗನನ್ನು ಮೂರು ವರ್ಷ ಬಿಟ್ಟಿದ್ದ ತಾಯಿಯ ಬಾಯಲ್ಲಿ ಅದು ಬರಿಯ ಹಾಸ್ಯವಾಗಿತ್ತೆ ಎಂದು ನಾನು ಯೋಚಿಸಿದ್ದುಂಟು. ಆ ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. 1945ರಲ್ಲಿ ಮತ್ತೊಬ್ಬರು ಅಚ್ಚು ಹಾಕಿದರು. ಮುಂದಿನದನ್ನು ಹೇಳಬೇಕಾದ್ದಿಲ್ಲ.

ಹೆಸರು ಬಂದ ಮೇಲೆ ಕಾಗದ ಬರತೊಡಗಿತು. 1946ರಿಂದ 1970ರವರೆಗೆ ಆಕೆ ಅದೇ ಪ್ರಕಾಶನ ಸಂಸ್ಥೆಯಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿ. ಬೆಳಿಗ್ಗೆ ಹಾಸಿಗೆಯಲ್ಲೇ ಕುಳಿತು ಶೀಘ್ರಲಿಪಿಯಲ್ಲಿ ತಮ್ಮ ಕಥೆ, ಮಧ್ಯಾಹ್ನ ಕಚೇರಿಯಲ್ಲಿ ಇತರರ ಕಥೆ. ಉಳಿದ ವೇಳೆ ಕಾಗದಕ್ಕೆ. ಉತ್ತರ ಬರೆಯುವುದರಲ್ಲೇ ಕಾಲ ಕಳೆಯುತ್ತದೆ, ಪುಸ್ತಕ ಬರೆಯಲು ಬಿಡುವಿಲ್ಲ ಎಂದು ಗೊಣಗುತ್ತಿದ್ದರು. ಆದರೂ ಬರೆಯುತ್ತಿದ್ದರು. ಬರೆದವರೇನು ಮಕ್ಕಳಷ್ಟೇ ಅಲ್ಲ. ಮಕ್ಕಳಿಗೆ ಓದಿ ಹೇಳುತ್ತ ತಾವೇ ಅತ್ತ ತಂದೆತಾಯಿಗಳು, ಹಣ ಬೇಡುವವರು, ಬಾಳು ಬೇಸರವಾದವರು, ಮುದುಕರು. ಯುದ್ಧದಲ್ಲಿ ಜರ್ಜರಿತವಾದ ಬರ್ಲಿನ್ನಿನಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಕೆಲಸ ಮಾಡುತ್ತಿದ್ದ ಲೂಯಿಸೆ ಹಾರ್ಟುಂಗ್ ಎಂಬಾಕೆಯ ಪರಿಚಯ 1953ರಲ್ಲಿ ಆಯಿತು. ಆಕೆ 1965ರಲ್ಲಿ ತೀರಿಕೊಳ್ಳುವವರೆಗೆ ಇಬ್ಬರ ನಡುವೆ ಓಡಾಡಿದ ಕಾಗದಗಳು ಸುಮಾರು ಆರುನೂರು. ಒಮ್ಮೆ ಅಪರಿಚಿತ ಹೆಂಗಸೊಬ್ಬಳು ಲಿಂಡ್‌ಗ್ರೆನ್ ಅವರ ಕೈಗೆ ಮಡಿಚಿದ ಒಂದು ಚೀಟಿಯನ್ನು ತುರುಕಿ ಹೊರಟುಹೋದಳಂತೆ. ಕತ್ತಲಾಗಿದ್ದ ತನ್ನ ಬಾಲ್ಯಕ್ಕೆ ನೀವು ಹೊಳಪು ಕೊಟ್ಟಿರಿ ಎಂದು ಅದರಲ್ಲಿ ವಂದನೆ. ನನಗೆ ಅಷ್ಟೇ ಸಾಕು ಎಂದು ಆಕೆ ಹೇಳಿಕೊಳ್ಳುತ್ತಿದ್ದರು.

1973ರಲ್ಲಿ ಸಿಂಹಹೃದಯದ ಇಬ್ಬರು ಅಣ್ಣತಮ್ಮಂದಿರ ಕಥೆ ಬಂದಿತು. ಸಾವಿನಿಂದಲೇ ಮೊದಲಾಗಿ ಸಾವಿನಲ್ಲೇ ಮುಗಿಯುವ ಕಥೆ ಅದು. ಕಡೆಯಲ್ಲಿ ಹುಡುಗರಿಬ್ಬರೂ ಇನ್ನೊಂದು ಲೋಕಕ್ಕೆ ಧುಮುಕುತ್ತಾರೆ. ಮಕ್ಕಳಿಗೆ ಇಂಥದ್ದನ್ನು ಹೇಳಬಹುದೆ ಎಂದು ದೊಡ್ಡವರು ಪತ್ರಿಕೆಗಳಲ್ಲಿ ಕಾದಾಡಿದರು. ಮಕ್ಕಳು ಕೇಳಿದ ಪ್ರಶ್ನೆಯೇ ಬೇರೆ: ಅಲ್ಲಿಗೆ ಹೋದ ಮೇಲೆ ಅವರಿಗೆ ಏನಾಯಿತು? ಆಕೆ ಕೂತು ಉತ್ತರ ಬರೆದರು. ಅವರು ಅಲ್ಲಿ ಕ್ಷೇಮವಾಗಿದ್ದಾರೆ, ತಮಗೆ ಪ್ರಿಯನಾದ ಮತ್ತಿಯಾಸ್ ಅಜ್ಜನ ಜೊತೆಯಲ್ಲಿದ್ದಾರೆ ಎಂದು. ವಿಮರ್ಶಕರು ಇದನ್ನು ಏನೆಂದು ಕರೆಯುತ್ತಾರೋ ಕಾಣೆ. ಮುಗಿದ ಕೃತಿಗೆ ಲೇಖಕರು ಬಾಲ ಸೇರಿಸಬಾರದೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಈ ಒಂದು ಕಡೆ ನನ್ನ ಪಾಠವನ್ನು ನಾನೇ ಮುರಿಯಲು ಸಿದ್ಧ.

ದೊಡ್ಡವರೊಡನೆ ಆಕೆಯ ಧಾಟಿ ಬೇರೆ. 1976ರಲ್ಲಿ ತಮ್ಮ ಆದಾಯದ ಮೇಲೆ ನೂರಕ್ಕೆ 102ರಷ್ಟು ತೆರಿಗೆ ಬೀಳುವುದನ್ನು ಕಂಡು, ಅದನ್ನೊಂದು ಅಜ್ಜಿಕಥೆಯಾಗಿ ಬರೆದು ಪತ್ರಿಕೆಗೆ ಕಳಿಸಿದರು. ಆಕೆಗೆ ಕಥೆ ಹೇಳಲು ಬರುತ್ತದೆ, ಲೆಕ್ಕ ಬರುವುದಿಲ್ಲ ಎಂದು ಅರ್ಥಮಂತ್ರಿ ಹಾಸ್ಯ ಮಾಡಿದರು. ಹಾಗಾದರೆ ನಾವಿಬ್ಬರೂ ಕೆಲಸ ಅದಲುಬದಲು ಮಾಡಿಕೊಳ್ಳೋಣ ಎಂದು ಆಕೆ ಉತ್ತರ ಕೊಟ್ಟರು. ಲೆಕ್ಕ ಸರಿಯಾಗಿಯೇ ಇದ್ದಿತು. ಆ ವರ್ಷದ ಚುನಾವಣೆಯಲ್ಲಿ ನಾಲ್ಕು ದಶಕಗಳಿಂದ ಆಳುತ್ತಿದ್ದ ಪಕ್ಷ ಅಧಿಕಾರ ಕಳೆದುಕೊಂಡಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ. 1985ರಿಂದ ಪಶುವೈದ್ಯೆಯೊಬ್ಬರ ಜೊತೆಗೂಡಿ, ಗೂಡುಗಳಲ್ಲಿ ತುರುಕಿದ ಕೋಳಿ, ಹಂದಿ, ಹಸುಗಳ ಪರವಾಗಿ ಪತ್ರಿಕೆಗಳಿಗೆ ಬಹಿರಂಗ ಪತ್ರಗಳನ್ನು ಬರೆದರು. 1988ರಲ್ಲಿ ಪ್ರಾಣಿರಕ್ಷಣೆಯ ಕಾನೂನು ಬಂದಿತು. ಅದನ್ನು ಆಕೆಯ ಹೆಸರಿನಿಂದಲೇ ಜನ ಕರೆದರು. ಆಕೆಗೆ ಮಾತ್ರ ಅದು ಹಲ್ಲಿಲ್ಲದ ಕಾನೂನೆಂದು ಅಸಮಾಧಾನ.

ಇವೆಲ್ಲಕ್ಕಿಂತ ನನಗೆ ಮುಖ್ಯವಾದ ಕಾಗದ ಬಂದದ್ದು 1971ರಲ್ಲಿ. ಬರೆದವಳು ಹನ್ನೆರಡು ವರ್ಷದ ಹುಡುಗಿ. ಲಿಂಡ್‌ಗ್ರೆನ್ ಅವರಿಗೆ ಆಗ ಅರವತ್ತಮೂರು. ತನಗೆ ಸಿನಿಮಾದಲ್ಲಿ ಪಾತ್ರ ಕೊಡಿಸಬೇಕು, ಆಕೆಯ ಕಥೆಗಳ ಚಿತ್ರಗಳಲ್ಲಿ ನಟಿಸಿದ ಮಕ್ಕಳಿಗೆ ನಟನೆಯೇ ಬರುವುದಿಲ್ಲ ಎಂದು ಜಂಭದಿಂದ ತುಂಬಿದ ಕಾಗದ. ಆಕೆ ಸಿಹಿ ಮಾತಿನಿಂದ ತೇಲಿಸಲಿಲ್ಲ. ಇತರರನ್ನು ಹೀಗೆ ಹಳಿಯುವುದು ಸರಿಯೆ ಎಂದು ಚೆನ್ನಾಗಿ ಬಿಸಿ ಮುಟ್ಟಿಸಿದರು. ಹುಡುಗಿಗೆ ಎಷ್ಟು ನಾಚಿಕೆಯಾಯಿತೆಂದರೆ ಆ ಕಾಗದವನ್ನು ಹರಿದು ಪಾಯಖಾನೆಗೆ ಹಾಕಿ ನೀರು ಬಿಟ್ಟಳು.

ನನ್ನ ಕಾರ್ಡಿನ ಗತಿಯೂ ಅದೇ ಅಲ್ಲವೆ? ಆದರೆ ಅವಳು ನನ್ನ ಹಾಗೆ ಮುನಿಸಿಕೊಂಡು ಕೂರಲಿಲ್ಲ. ಮತ್ತೆ ಬರೆದಳು. ಈ ಸಲ ಜಂಭವಿಲ್ಲದೆ, ಮನೆಯಲ್ಲಿ ಶಾಲೆಯಲ್ಲಿ ತಾನು ಪಡುತ್ತಿದ್ದ ಸಂಕಟವನ್ನು, ಮಕ್ಕಳ ಮನೋರೋಗದ ಆಸ್ಪತ್ರೆಯಲ್ಲಿ ಇದ್ದು ಬಂದದ್ದನ್ನು, ತನ್ನ ಒಂಟಿತನವನ್ನು. ಲೋಕಪ್ರಸಿದ್ಧ ಲೇಖಕಿ ಅದಕ್ಕೆ ಸಮಾನವಯಸ್ಕಳಂತೆ ಉತ್ತರ ಬರೆದರು. ತಾವೂ ಆ ವಯಸ್ಸಿನಲ್ಲಿ ಕುರೂಪಿಯೆಂದು ಕೊರಗುತ್ತಿದ್ದುದನ್ನು, ತಮ್ಮ ಬೇಗುದಿಯನ್ನು ಮುಚ್ಚಿಡದೆ ತಿಳಿಸಿದರು. ನಿನ್ನ ಕಾಗದಗಳು ಬೇರೆಯವರ ಕಣ್ಣಿಗೆ ಬೀಳುವುದಿಲ್ಲ, ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ ಎಂದು ಭರವಸೆ ಕೊಟ್ಟರು. ಅಪರಿಚಿತರ ಲಕೋಟೆಗಳನ್ನು ಒಡೆದು ಓದುತ್ತ ಐದು ವರ್ಷ ಕಳೆದವರು ಕೊಟ್ಟ ಮಾತು ಅದು. ಮುಂದೆ ಸುಮಾರು ಮೂರು ದಶಕ, ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ, ಎಂಬತ್ತಕ್ಕೂ ಮೇಲ್ಪಟ್ಟು ಕಾಗದಗಳು ಇಬ್ಬರ ನಡುವೆ ನಡೆದವು. 2012ರಲ್ಲಿ, ಲೇಖಕಿ ತೀರಿಕೊಂಡು ಹತ್ತು ವರ್ಷವಾದ ಮೇಲೆ, ಬೆಳೆದು ದೊಡ್ಡವಳಾಗಿದ್ದ ಆ ಹುಡುಗಿಯ ಒಪ್ಪಿಗೆಯಿಂದ ಅವು ಪುಸ್ತಕವಾದವು. ಹಾಸಿಗೆಯ ಮಾತೇ ಪುಸ್ತಕದ ಹೆಸರಾಯಿತು.

ನಮ್ಮಲ್ಲಿಯೂ ಇಂಥ ಹಿರಿಯರು ಇಲ್ಲದಿರಲಿಲ್ಲ. ಶಿವರಾಮ ಕಾರಂತರು ಬಂದ ಕಾಗದಕ್ಕೆ ಒಡನೆಯೇ ಉತ್ತರ ಬರೆಯುವವರೆಂದು ನನ್ನ ಗುರುಗಳು ಹೇಳುತ್ತಿದ್ದರು. ಆದರೆ ಆ ಉತ್ತರಗಳನ್ನು ಬರಮಾಡಿಕೊಂಡ ಮಕ್ಕಳು ಬರೆದ ಪ್ರಶ್ನೆಗಳೆಲ್ಲಿ? ನನ್ನ ಒತ್ತಕ್ಷರ ತಿದ್ದಿದ ಆ ಹಿರಿಯರು ತೀರಿಕೊಂಡ ಕೆಲವು ವರ್ಷಗಳ ಮೇಲೆ, ಒಂದು ಸಂಭಾವನಾ ಗ್ರಂಥದ ಕೆಲಸಕ್ಕೆಂದು ನಾನು ಅವರ ಮನೆಗೆ ಹೋಗಿದ್ದೆ. ಕಾಗದಪತ್ರಗಳ ವಿಚಾರ ಕೇಳಿದೆ. "ಎರಡು ಟ್ರಂಕು ಇತ್ತು ಮೇಷ್ಟ್ರೆ. ಎಲ್ಲಾ ಮಕ್ಕಳು ಬರೆದ ಕಾರ್ಡು. ಗೆದ್ದಲು ಹಿಡಿಯಿತೂಂತ ಗುಜರಿಯವನಿಗೆ ಹಾಕಿದ್ವಿ," ಎಂದರು ಅವರ ಸೊಸೆ. ಬಳಿಕ ಕಾಫಿ ಕೊಡುತ್ತಾ ಹೇಳಿದರು: "ನಮ್ಮ ಮಾವನೋರು ತಪ್ಪು ತಿದ್ದಿ ಬರೀತಿದ್ದರಲ್ಲ, ಅದಕ್ಕೆ ಮಕ್ಕಳು ತಿರುಗಾ ಬರೆದರೆ, ಆಗ ದೊಡ್ಡ ಕಾಗದ ಬರೆಯೋರು. ಮೂರು ಮೂರು ಹಾಳೆ. ಎರಡನೇ ಸಲ ಬರೆದವರನ್ನು ಮಾತ್ರ ಬಿಡ್ತಿರಲಿಲ್ಲ."

ಕಾಫಿ ಆರುವವರೆಗೆ ನಾನು ಲೋಟವನ್ನು ಹಿಡಿದುಕೊಂಡೇ ಕುಳಿತಿದ್ದೆ. ನಾನೂ ಬರೆದಿದ್ದೆನೆಂದು ಆಕೆಗೆ ಹೇಳಲಿಲ್ಲ.