ಕೊಟ್ಟಿಗೆಹಾರದ ಕಪ್ಪೆ ಮತ್ತು ಕಳೆದುಹೋದ ಬಾಟಲಿ

ಚಾರ್ಮಾಡಿ ಘಾಟಿ ಇಳಿಯೋ ಮುಂಚೆ ಕೊಟ್ಟಿಗೆಹಾರದಲ್ಲಿ ನಿಂತು ನೀರ್‌ದೋಸೆ ತಿಂದವರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ. ನಾನೂ ತಿಂದಿದ್ದೀನಿ. ಆದರೆ ಆ ಊರಿನ ಹೆಸರು ಒಂದು ಕಪ್ಪೆಗೂ ಇದೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್!

ಹೆಸರಿಟ್ಟವರು ಸಿ.ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಬರೆದಾಗ ಇದನ್ನೂ ಸೇರಿಸಿದರು. ಆಗ ಗುರುತು ಹಿಡಿಯೋಕೆ ಇದ್ದದ್ದು ಕಣ್ಣು ಮತ್ತು ಅಳತೆ ಮಾತ್ರ. ಹಾಗಾಗಿ ರಾವ್ ಇದನ್ನು ಪೊದೆಗಪ್ಪೆಗಳ ಕುಲಕ್ಕೆ ಸೇರಿಸಿದ್ದರು. ಇದು ತೊರೆಯಲ್ಲಿ ಬದುಕುವ ನೃತ್ಯಗಪ್ಪೆ ಅಂತ ತಿದ್ದಿದ್ದು ನಂತರದವರು.

ತಿದ್ದೋದೂ ಸುಲಭ ಇರಲಿಲ್ಲ. ಯಾಕಂದ್ರೆ ರಾವ್ ಕೂಡಿಟ್ಟಿದ್ದ ಮೂಲ ಮಾದರಿ ಕಳೆದುಹೋಗಿತ್ತು. ಒಂದು ಪ್ರಭೇದಕ್ಕೆ ಅದೇ ಜನನ ಪತ್ರ. ಅದಿಲ್ಲದಿದ್ದರೆ ಉಳಿಯೋದು ಹಳೇ ವರ್ಣನೆ ಮತ್ತು ಊರಿನ ಹೆಸರು ಅಷ್ಟೇ.

ಬೆಟ್ಟದ ಕಪ್ಪೆಗಳ ವಿಷಯದಲ್ಲಿ ಊರಿನ ಹೆಸರೇ ದೊಡ್ಡ ಸುಳಿವು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ಅದಕ್ಕೆ ತೇವ ಬೇಕು. ತಂಪು ಬೆಟ್ಟದಿಂದ ಇಳಿದು ಒಣ ಬಯಲು ದಾಟಿ ಪಕ್ಕದ ಬೆಟ್ಟಕ್ಕೆ ಹೋಗೋದು ಅದರ ಕೈಲಾಗೋ ಕೆಲಸ ಅಲ್ಲ. ಹಾಗೆ ಬೇರೆಯಾದ ಗುಂಪುಗಳು ಸಾವಿರಾರು ತಲೆಮಾರು ತಮ್ಮತಮ್ಮಲ್ಲೇ ಕೂಡಿ, ವಂಶವಾಹಿಗಳಲ್ಲಿ ದೂರವಾಗುತ್ತವೆ. ನೋಡೋಕೆ ಮಾತ್ರ ಅಣ್ಣತಮ್ಮಂದಿರ ಹಾಗೆ! ಸಹ್ಯಾದ್ರಿಯ ಸಾಲು ತುಂಡಾಗುವ ಪಾಲಕ್ಕಾಡ್ ಕಣಿವೆ ಸುಮಾರು 30–40 ಕಿ.ಮೀ. ಅಗಲ, ಅದರ ಆಚೆ ಈಚೆ ಅನೇಕ ಕಪ್ಪೆಗಳ ವಂಶವೇ ಬೇರೆ.

2014ರಲ್ಲಿ ಎಸ್.ಡಿ. ಬಿಜು ಅವರ ತಂಡ ದೇಹರಚನೆಯ ಜೊತೆ ಡಿಎನ್‌ಎ ಕೂಡ ಹೋಲಿಸಿ, ನೃತ್ಯಗಪ್ಪೆಗಳಲ್ಲೇ 14 ಹೊಸ ಪ್ರಭೇದ ಹೆಸರಿಸಿತು. ಒಟ್ಟು 24 ಆಯ್ತು.

ಖುಷಿ ಸುದ್ದಿ ಅನ್ನಿಸುತ್ತೆ, ಅಲ್ವಾ? ನನಗೆ ಪೂರ್ತಿ ಹಾಗನ್ನಿಸಲ್ಲ. ‘ಒಂದೇ ಕಪ್ಪೆ, ಎಲ್ಲ ಕಡೆ ಇದೆ’ ಅಂದುಕೊಂಡಿದ್ದು ಹಲವು ಆದಾಗ, ಒಂದೊಂದರ ಪಾಲಿಗೆ ಬರೋದು ನಾಲ್ಕಾರು ತೊರೆ. ಕೊಟ್ಟಿಗೆಹಾರದ್ದು ತೀವ್ರ ಅಪಾಯದ ಪಟ್ಟಿಗೂ ಸೇರಿತ್ತು.

ಮಳೆಗಾಲ ಮುಗಿದು ತೊರೆಯ ರಭಸ ತಗ್ಗಿದಾಗ ಇವು ಮೊಟ್ಟೆ ಇಡುತ್ತವೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದಿದ್ದರೂ ಕಾಣಿಸಲಿ ಅಂತ ಗಂಡು ಕಪ್ಪೆ ಬಂಡೆ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತೆ. ತೊರೆ ಬೇಗ ಬತ್ತಿದರೆ ಆ ವರ್ಷದ ಮರಿಗಳಿಲ್ಲ. ಪಕ್ಕದ ಬೆಟ್ಟದಿಂದ ಬಂದು ಆ ಜಾಗ ತುಂಬೋಕೆ ಅಲ್ಲಿರೋದು ಬೇರೆಯದೇ ಕಪ್ಪೆ.